ಶವರ್ ನೀರು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ: ಬಾಯ್ಲರ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ಶವರ್ ಕೆಳಗೆ ನಿಂತಾಗ ನೀರು ಹದವಾಗಿರುತ್ತದೆ. ಸೋಪು ಹಚ್ಚುವಷ್ಟರಲ್ಲಿ ತಣ್ಣಗಾಗುತ್ತದೆ. ನಲ್ಲಿ ಒಂಚೂರು ತಿರುಗಿಸಿದರೆ ಮೈ ಸುಡುವಷ್ಟು ಬಿಸಿ. ಆಗ ಎಲ್ಲರೂ ಬೈಯುವುದು ಬಾಯ್ಲರನ್ನೇ. ಆದರೆ ಶವರ್‌ನಲ್ಲಿ ನೀರು ಎಷ್ಟು ಬಿಸಿಯಾಗಿ ಬೀಳುತ್ತಿದೆ ಎನ್ನುವುದು ಬಾಯ್ಲರ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಎರಡು: ತನ್ನ ಮೂಲಕ ಎಷ್ಟು ನೀರು ಹರಿಯುತ್ತಿದೆ, ಹೊರಗೆ ಹೋಗುವ ನೀರು ಎಷ್ಟು ಡಿಗ್ರಿ ಇದೆ. ಹರಿವು ಏರುಪೇರಾದರೆ ಒಳ್ಳೆಯ ಬಾಯ್ಲರ್ ಕೂಡ ತಡವರಿಸುತ್ತದೆ.

ಹಾಗಾಗಿ ಇಲ್ಲಿ ಹುಡುಕಾಟ ಶವರ್ ತುದಿಯಿಂದ ಶುರುವಾಗಿ ಬಾಯ್ಲರ್ ಕಡೆಗೆ ಹೋಗುತ್ತದೆ. ದುಬಾರಿ ಭಾಗಗಳ ಸರದಿ ಕೊನೆಗೆ. ಒಂದು ಬಕೆಟ್, ಒಂದು ಥರ್ಮಾಮೀಟರ್ ಮತ್ತು ಸೆಕೆಂಡ್ ತೋರಿಸುವ ಗಡಿಯಾರ ಇದ್ದರೆ ಅರ್ಧ ಕೆಲಸ ನೀವೇ ಮಾಡಿ ಮುಗಿಸಬಹುದು.

## ಮೊದಲು ಸುರಕ್ಷತೆ

ಗ್ಯಾಸ್ ವಾಸನೆ ಬಂದರೆ ಬೇರೆ ಯಾವ ಪರೀಕ್ಷೆಯೂ ಬೇಡ. ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆಯಿರಿ, ಕೈಗೆ ಸಿಗುವಂತಿದ್ದರೆ ಗ್ಯಾಸ್ ವಾಲ್ವ್ ಮುಚ್ಚಿ, ಹೊರಗೆ ಹೋಗಿ ಫೋನ್ ಮಾಡಿ. ಬರ್ನರ್ ಜ್ವಾಲೆ ಕಾಣುವ ಹಳೆಯ ಬಾಯ್ಲರ್ ಆಗಿದ್ದರೆ ಅದರ ಬಣ್ಣ ನೋಡಿ. ನೀಲಿ ಇರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ, ಬಾಯ್ಲರ್ ಸುತ್ತ ಮಸಿ ಕಾಣಿಸಿದರೆ, ಅಥವಾ ಅದು ಉರಿಯುವಾಗ ಮನೆಯವರಿಗೆ ತಲೆನೋವು, ತಲೆಸುತ್ತು ಬಂದರೆ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಜೀವವನ್ನೇ ತೆಗೆಯುತ್ತದೆ. ತಕ್ಷಣ ಬಾಯ್ಲರ್ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಬಾಯ್ಲರ್ ಇರುವ ಮನೆಯಲ್ಲಿ ಈ ಅನಿಲಕ್ಕೊಂದು ಅಲಾರ್ಮ್ ಇರಲೇಬೇಕು.

ಇನ್ನೊಂದು ಗೆರೆ ಈಗಲೇ ಎಳೆದುಕೊಳ್ಳಿ. ಬಾಯ್ಲರ್ ಹೊರಗಿನ ನಲ್ಲಿ, ಪೈಪು, ಫಿಲ್ಟರ್, ಸೆಟ್ಟಿಂಗ್ ನಿಮ್ಮ ಪಾಲು. ಮುಂದಿನ ಮುಚ್ಚಳ ತೆಗೆಯುವುದು, ಬಾಯ್ಲರ್ ಒಳಗಿನ ಗ್ಯಾಸ್ ವಾಲ್ವ್ ಮುಟ್ಟುವುದು, ಹೊಗೆ ಕೊಳವೆ ಅಲುಗಾಡಿಸುವುದು ಪರವಾನಗಿ ಇರುವ ಟೆಕ್ನಿಷಿಯನ್ ಪಾಲು. ಹಲವು ಬಾಯ್ಲರ್‌ಗಳಲ್ಲಿ ಆ ಮುಚ್ಚಳವೇ ಹೊಗೆ ಕೋಣೆಗೆ ಬರದಂತೆ ತಡೆಯುವ ಸೀಲ್.

ಪರೀಕ್ಷೆ ಮಾಡುವಾಗ ಬಿಸಿ ನೀರಿನ ಕೆಳಗೆ ಸುಮ್ನೆ ಕೈ ಒಡ್ಡಬೇಡಿ. 60 ಡಿಗ್ರಿ ನೀರು ಸುಮಾರು 5 ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. 50 ಡಿಗ್ರಿಯಲ್ಲಿ ಅದೇ ಗಾಯಕ್ಕೆ ಕೆಲವು ನಿಮಿಷ ಬೇಕು. ಮಕ್ಕಳಿಗೆ, ವಯಸ್ಸಾದವರಿಗೆ ಇದಕ್ಕಿಂತ ಬೇಗ ಸುಡುತ್ತದೆ.

## ನಿಮ್ಮ ಮನೆಯಲ್ಲಿರುವುದು ಯಾವ ಬಗೆ?

ಬಾಯ್ಲರ್ ಬಿಸಿ ನೀರು ಕೊಡುವ ದಾರಿ ಎರಡು. ಒಂದು, ನಲ್ಲಿ ತೆರೆದಾಗಷ್ಟೇ ಬೆಂಕಿ ಹೊತ್ತಿಸಿ, ಹರಿಯುವ ನೀರನ್ನು ದಾರಿಯಲ್ಲೇ ಕಾಯಿಸುವುದು. ಇದಕ್ಕೆ ಕಾಂಬಿ ಬಾಯ್ಲರ್ ಎನ್ನುತ್ತಾರೆ. ಇದರಲ್ಲಿ ಬಿಸಿ ನೀರಿನ ಸಂಗ್ರಹ ಇರುವುದಿಲ್ಲ, ಇದ್ದರೂ ಅತಿ ಕಡಿಮೆ. ಇನ್ನೊಂದು, ದೊಡ್ಡ ಸಿಲಿಂಡರಿನಲ್ಲಿ ನೀರನ್ನು ಮೊದಲೇ ಕಾಯಿಸಿ ಇಟ್ಟುಕೊಳ್ಳುವುದು. ಎರಡರ ರೋಗವೂ ಬೇರೆ, ಮದ್ದೂ ಬೇರೆ. ಬಿಸಿ ನೀರು ಬಿಟ್ಟ ಕೂಡಲೇ ಬಾಯ್ಲರ್ ಗುರ್ ಎಂದು ಶುರುವಾಗಿ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಸುಮ್ಮನಾದರೆ ಅದು ಹೆಚ್ಚಾಗಿ ಕಾಂಬಿ. ಪಕ್ಕದಲ್ಲೋ ಅಟ್ಟದ ಮೇಲೋ ಎದೆಯೆತ್ತರದ ಡ್ರಮ್ಮು ಇದ್ದರೆ ಸಿಲಿಂಡರ್.

ಏರಿಳಿತದ ದೂರು ಜಾಸ್ತಿ ಬರುವುದು ಕಾಂಬಿಯಲ್ಲಿ. ಇಲ್ಲಿಯ ಬಹುಪಾಲು ಮಾತು ಅದರದ್ದೇ. ಹರಿಯುವ ನೀರನ್ನು ಕಾಯಿಸುವ ಗ್ಯಾಸ್ ಗೀಸರ್‌ಗೂ ಹರಿವಿನ ಲೆಕ್ಕವೆಲ್ಲ ಹೊಂದುತ್ತದೆ.

## ಹೆಜ್ಜೆ 1: ತೊಂದರೆ ಶವರ್‌ನದ್ದೋ, ಇಡೀ ಮನೆಯದ್ದೋ?

ಅಡುಗೆಮನೆಯ ಸಿಂಕಿಗೆ ಹೋಗಿ ಬಿಸಿ ನಲ್ಲಿಯನ್ನು ಪೂರ್ತಿ ತೆರೆಯಿರಿ. ತಣ್ಣೀರು ಬೆರೆಸಬೇಡಿ. ಮನೆಯ ಬೇರೆ ನಲ್ಲಿಗಳೆಲ್ಲ ಮುಚ್ಚಿರಲಿ. ಧಾರೆಗೆ ಥರ್ಮಾಮೀಟರ್ ಹಿಡಿದು 5 ನಿಮಿಷ, ಪ್ರತಿ 30 ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಳ್ಳಿ.

ಮೊದಲ ನಿಮಿಷದ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಅಂಕಿ 2–3 ಡಿಗ್ರಿ ಒಳಗೇ ನಿಂತರೆ ಬಾಯ್ಲರ್ ಸರಿಯಾಗಿದೆ. ಗುಟ್ಟು ಸ್ನಾನದ ಮನೆಯಲ್ಲಿದೆ. ಸಿಂಕಿನಲ್ಲೂ ಅಂಕಿ 55ಕ್ಕೆ ಹತ್ತಿ 30ಕ್ಕೆ ಬೀಳುತ್ತಿದ್ದರೆ ಗುಟ್ಟು ಬಾಯ್ಲರಿನಲ್ಲಿದೆ, ಇಲ್ಲವೇ ಅದಕ್ಕೆ ಬರುವ ನೀರು, ಗ್ಯಾಸಿನಲ್ಲಿದೆ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಬಾಯ್ಲರಿನ ಭಾಗ ಬದಲಿಸಿದವರು ಬೇಕಾದಷ್ಟು ಜನ ಇದ್ದಾರೆ.

ಆ ಮೊದಲ ನಿಮಿಷದ ಬಗ್ಗೆ ಒಂದು ಮಾತು. ಒಬ್ಬರು ಸ್ನಾನ ಮುಗಿಸಿ, ಸ್ವಲ್ಪ ಹೊತ್ತಿಗೇ ಇನ್ನೊಬ್ಬರು ನಲ್ಲಿ ತೆರೆದರೆ ಮೊದಲು ಪೈಪಿನಲ್ಲಿ ಉಳಿದ ಬಿಸಿ ನೀರು ಬರುತ್ತದೆ. ಹಿಂದೆಯೇ ಒಂದು ತಣ್ಣನೆಯ ತುಂಡು ಬರುತ್ತದೆ. ಅದು ಬರ್ನರ್ ಹೊತ್ತಿಕೊಳ್ಳುವ ಮೊದಲೇ ಬಾಯ್ಲರ್ ದಾಟಿದ ನೀರು. ಆಮೇಲೆ ಮತ್ತೆ ಬಿಸಿ. ಇದು ದೋಷವಲ್ಲ, ಕಾಂಬಿಯ ಸ್ವಭಾವ. 15 ಮಿಲಿಮೀಟರ್ ತಾಮ್ರದ ಪೈಪಿನಲ್ಲಿ ಮೀಟರಿಗೆ ಸುಮಾರು 0.15 ಲೀಟರ್ ನೀರಿರುತ್ತದೆ. 10 ಮೀಟರ್ ದೂರವಿದ್ದರೆ ಒಂದೂವರೆ ಲೀಟರ್. ನಿಮಿಷಕ್ಕೆ 6 ಲೀಟರ್ ಹರಿದರೆ ಅದು ಖಾಲಿಯಾಗಲು 15 ಸೆಕೆಂಡ್ ಬೇಕು. ಬಾಯ್ಲರನ್ನು ಮೊದಲೇ ಬೆಚ್ಚಗಿಟ್ಟುಕೊಳ್ಳುವ ಪ್ರೀಹೀಟ್ ಎನ್ನುವ ಸೆಟ್ಟಿಂಗ್ ಇದ್ದರೆ ಈ ತಣ್ಣನೆಯ ತುಂಡು ಚಿಕ್ಕದಾಗುತ್ತದೆ. ಅದಕ್ಕೆ ಗ್ಯಾಸ್ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ.

## ಹೆಜ್ಜೆ 2: ಹರಿವು ಅಳೆಯಿರಿ

ಶವರ್ ಅನ್ನು ನೀವು ಸ್ನಾನಕ್ಕೆ ಇಟ್ಟುಕೊಳ್ಳುವ ಹದದಲ್ಲೇ ಬಿಡಿ. 5 ಲೀಟರ್ ಗುರುತಿರುವ ಬಕೆಟ್ ಕೆಳಗಿಡಿ. 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್. ಒಂದು ನಿಮಿಷ ಹಿಡಿದರೆ 5 ಲೀಟರ್. 100 ಸೆಕೆಂಡ್ ಹಿಡಿದರೆ ಬರೀ 3 ಲೀಟರ್. ಬಕೆಟ್ಟಿನ ನೀರು ಎಷ್ಟು ಡಿಗ್ರಿ ಇದೆ, ತಣ್ಣೀರು ನಲ್ಲಿಯ ನೀರು ಎಷ್ಟು ಡಿಗ್ರಿ ಇದೆ ಎಂದೂ ಬರೆದುಕೊಳ್ಳಿ.

ಈಗ ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಬೇಕು, ಇವೆರಡನ್ನು ಗುಣಿಸಿ, ಬಂದದ್ದನ್ನು 0.07ರಿಂದ ಗುಣಿಸಿ. ಬೇಕಾದ ಶಾಖ ಕಿಲೋವ್ಯಾಟ್ ಲೆಕ್ಕದಲ್ಲಿ ಸಿಗುತ್ತದೆ.

ಚಳಿಗಾಲದಲ್ಲಿ ತಣ್ಣೀರು 10 ಡಿಗ್ರಿ ಇದೆ, ನಿಮಗೆ 40 ಬೇಕು, ಶವರ್ ನಿಮಿಷಕ್ಕೆ 12 ಲೀಟರ್ ಸುರಿಸುತ್ತದೆ ಎಂದುಕೊಳ್ಳಿ. 12 × 30 × 0.07 ಅಂದರೆ ಸುಮಾರು 25 ಕಿಲೋವ್ಯಾಟ್. ನಿಮ್ಮದು 24 ಕಿಲೋವ್ಯಾಟ್ ಬಾಯ್ಲರ್ ಆದರೆ ಅದು ಪೂರ್ತಿ ಉರಿದರೂ ತುಸು ಸಾಲದು. ಅದೇ ಹೊತ್ತಿಗೆ ಯಾರಾದರೂ ಸಿಂಕಿನಲ್ಲಿ ಬಿಸಿ ನೀರು ಬಿಟ್ಟರೆ ನಿಮ್ಮ ಶವರ್ ಉಗುರು ಬೆಚ್ಚಗಾಗುತ್ತದೆ. ಇಲ್ಲಿ ಏನೂ ಕೆಟ್ಟಿಲ್ಲ. ಬಾಯ್ಲರ್ ಕೊಡುವುದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ ಅಷ್ಟೇ. ಶವರ್ ಹರಿವನ್ನು 8–9 ಲೀಟರಿಗೆ ಇಳಿಸಿದರೆ ಹದ ವಾಪಸ್ ಬರುತ್ತದೆ.

ಇದು ಮೇಲಿನ ಮಿತಿ. ಇದನ್ನು ಎಲ್ಲರೂ ಊಹಿಸುತ್ತಾರೆ. ಹೆಚ್ಚಿನವರು ನೋಡದೇ ಬಿಡುವುದು ಕೆಳಗಿನ ಮಿತಿಯನ್ನು.

## ಹೆಜ್ಜೆ 3: ಕೆಳಗಿನ ಮಿತಿಯ ಆಟ

ಕಾಂಬಿಗೆ ಎರಡು ಕೆಳ ಮಿತಿ ಇರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡರೆ ಬೇಸಿಗೆಯ ಬಿಸಿ-ತಣ್ಣನೆ ಆಟದ ಬಹುಪಾಲು ಬಯಲಾಗುತ್ತದೆ.

ಒಂದು, ಹರಿವಿನ ಮಿತಿ. ಬಾಯ್ಲರ್ ಒಳಗೆ ನೀರು ಹರಿದರೆ ತಿರುಗುವ ಪುಟ್ಟ ಚಕ್ರವೊಂದಿರುತ್ತದೆ. ಅದೇ ಫ್ಲೋ ಸೆನ್ಸರ್. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 2ರಿಂದ 3 ಲೀಟರ್ ಹರಿದರೆ ಮಾತ್ರ ಬರ್ನರ್ ಹೊತ್ತಿಸು ಎನ್ನುವ ಸೂಚನೆ ಹೋಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಆರಿಸು ಎನ್ನುತ್ತದೆ.

ಎರಡು, ಬೆಂಕಿಯ ಮಿತಿ. ಬರ್ನರ್ ಜ್ವಾಲೆಯನ್ನು ತಗ್ಗಿಸಬಹುದು. ಆದರೆ ಒಂದು ಹಂತದ ಕೆಳಗೆ ತಗ್ಗಿಸಲು ಆಗುವುದಿಲ್ಲ. 24 ಕಿಲೋವ್ಯಾಟಿನ ಹಳೆಯ ಬಾಯ್ಲರ್ 7ರ ಆಸುಪಾಸಿಗೆ ಇಳಿಯಬಹುದು. ಹೊಸ ಮಾದರಿಗಳಲ್ಲಿ ಕೆಲವು ಗರಿಷ್ಠದ ಹತ್ತನೇ ಒಂದು ಭಾಗಕ್ಕೂ ಇಳಿಯುತ್ತವೆ. ನಿಮ್ಮದರ ಕನಿಷ್ಠ ಎಷ್ಟು ಎಂದು ಮ್ಯಾನುಯಲ್‌ನ ತಾಂತ್ರಿಕ ಪಟ್ಟಿಯಲ್ಲಿ ಇರುತ್ತದೆ.

ಈಗ ಬೇಸಿಗೆ ಬಂತು. ತಣ್ಣೀರೇ 27 ಡಿಗ್ರಿ ಇದೆ. ನಿಮಗೆ ಬೇಕಾದದ್ದು 40. ನೀರು ಉಳಿಸುವ ಶವರ್ ಹೆಡ್ ಹಾಕಿದ್ದೀರಿ, ನಿಮಿಷಕ್ಕೆ 4 ಲೀಟರ್. ಬಾಯ್ಲರ್ ಸೆಟ್ಟಿಂಗ್ 60ರಲ್ಲಿದೆ. 60 ಡಿಗ್ರಿ ನೀರನ್ನು 40ಕ್ಕೆ ಇಳಿಸಲು ನೀವು ತುಂಬಾ ತಣ್ಣೀರು ಬೆರೆಸುತ್ತೀರಿ. ಲೆಕ್ಕ ಹಾಕಿದರೆ ಆ 4 ಲೀಟರಿನಲ್ಲಿ ಬಿಸಿ ನೀರಿನ ಪಾಲು ಬರೀ 1.6 ಲೀಟರ್. ಅಂದರೆ ಬಾಯ್ಲರ್ ಮೂಲಕ ಹರಿಯುವುದೂ ಅಷ್ಟೇ. ಸೆನ್ಸರ್ ಸುಮ್ಮನಾಗುತ್ತದೆ, ಬರ್ನರ್ ಆರುತ್ತದೆ, ಶವರ್ ತಣ್ಣಗಾಗುತ್ತದೆ. ನೀವು ಬಿಸಿ ಕಡೆ ತಿರುಗಿಸುತ್ತೀರಿ. ಹರಿವು ಏರುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ, 60 ಡಿಗ್ರಿ ನೀರು ಧಾವಿಸಿ ಬರುತ್ತದೆ. ನೀವು ಚೀರಿ ಮತ್ತೆ ತಣ್ಣೀರು ಕಡೆ ತಿರುಗಿಸುತ್ತೀರಿ. ಈ ಆಟ ನಿಲ್ಲುವುದೇ ಇಲ್ಲ.

ಮದ್ದು ಕೇಳಿದರೆ ತಲೆಕೆಳಗು ಅನ್ನಿಸುತ್ತದೆ. ಬಾಯ್ಲರಿನ ನೀರಿನ ಸೆಟ್ಟಿಂಗನ್ನು ಇಳಿಸಿ. 60ರ ಬದಲು 48ಕ್ಕೆ ಇಟ್ಟರೆ ಅದೇ 4 ಲೀಟರಿನಲ್ಲಿ ಬಿಸಿ ಪಾಲು ಸುಮಾರು 2.5 ಲೀಟರ್ ಆಗುತ್ತದೆ. 45ಕ್ಕೆ ಇಟ್ಟರೆ 2.9. ಬೆರೆಸುವುದು ಕಡಿಮೆಯಾದಷ್ಟೂ ಬಾಯ್ಲರ್ ಮೂಲಕ ನೀರು ಹೆಚ್ಚು ಹರಿಯುತ್ತದೆ. ಶವರ್ ತಣ್ಣಗಾಗುತ್ತಿದೆ ಎಂದು ಸೆಟ್ಟಿಂಗ್ ಏರಿಸುವವರು ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತಿರುತ್ತಾರೆ.

ಆದರೆ ಎರಡನೇ ಮಿತಿಗೆ ಈ ಮದ್ದು ಸಾಲದು. 4 ಲೀಟರ್ × 13 ಡಿಗ್ರಿ × 0.07 ಅಂದರೆ ಬೇಕಾದ ಶಾಖ 3.6 ಕಿಲೋವ್ಯಾಟ್. ಸೆಟ್ಟಿಂಗ್ ಎಷ್ಟೇ ಇರಲಿ, ಈ ಅಂಕಿ ಬದಲಾಗುವುದಿಲ್ಲ. 7ಕ್ಕಿಂತ ಕೆಳಗೆ ಇಳಿಯದ ಬರ್ನರ್ ಬೇಕಾದ್ದಕ್ಕಿಂತ ಎರಡು ಪಟ್ಟು ಕಾಯಿಸಿಬಿಡುತ್ತದೆ. ಬಿಸಿ ಮಿತಿ ಮೀರಿತು ಎಂದು ತಾನೇ ಆರಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಇದಕ್ಕಿರುವ ದಾರಿ ಹರಿವು ಹೆಚ್ಚಿಸುವುದು ಮಾತ್ರ. ಅದೇ ಶವರ್ 8 ಲೀಟರ್ ಸುರಿಸಿದರೆ 7.3 ಕಿಲೋವ್ಯಾಟ್ ಬೇಕಾಗುತ್ತದೆ. ಆಗ ಬರ್ನರ್ ಆರದೆ ನೆಮ್ಮದಿಯಾಗಿ ಉರಿಯುತ್ತದೆ. ನೀರು ಉಳಿಸುವ ಹೆಡ್ ಒಳ್ಳೆಯದೇ, ಆದರೆ ಅದು ನಿಮ್ಮ ಬಾಯ್ಲರಿಗೆ ಹೊಂದಬೇಕು, ಅಲ್ವಾ?

ಪರೀಕ್ಷೆ ಸುಲಭ. ಶವರ್ ಹೆಡ್ ಬಿಚ್ಚಿ, ಬರೀ ಹೋಸ್‌ನಿಂದ ನೀರು ಬಿಡಿ. ಏರಿಳಿತ ನಿಂತಿತೇ? ಹಾಗಾದರೆ ಕಾರಣ ಹೆಡ್. ಅದರೊಳಗೆ ಹರಿವು ತಡೆಯುವ ಪ್ಲಾಸ್ಟಿಕ್ ಬಿಲ್ಲೆ ಇರಬಹುದು, ತೂತುಗಳಲ್ಲಿ ಗಡಸು ನೀರಿನ ಬಿಳಿ ಪದರ ಕಟ್ಟಿರಬಹುದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಪದರ ಬಿಡುತ್ತದೆ. ಮೆರುಗು ಲೇಪದ ಹೆಡ್ ಆದರೆ ರಾತ್ರಿಯಿಡೀ ನೆನೆಹಾಕಬೇಡಿ, ಲೇಪ ಹಾಳಾಗುತ್ತದೆ. ಹೋಸ್ ಒಳಗಿನ ರಬ್ಬರ್ ಕೊಳವೆ ಮಡಚಿಕೊಂಡಿದೆಯೇ ಎಂದೂ ನೋಡಿ. ಹೊರಗಿನ ಲೋಹದ ಸುರುಳಿ ಚೆನ್ನಾಗಿಯೇ ಕಾಣುತ್ತಿರುತ್ತದೆ.

## ಹೆಜ್ಜೆ 4: ಶವರ್ ಮಿಕ್ಸರ್

ಸಿಂಕಿನಲ್ಲಿ ಹದ, ಶವರ್‌ನಲ್ಲಿ ಏರಿಳಿತ, ಹೆಡ್ ಬಿಚ್ಚಿದರೂ ಅದೇ ಕಥೆ. ಹೀಗಿದ್ದರೆ ಅನುಮಾನ ಮಿಕ್ಸರ್ ಮೇಲೆ, ಅಂದರೆ ಬಿಸಿ ನೀರು, ತಣ್ಣೀರು ಬೆರೆಸುವ ನಲ್ಲಿಯ ಮೇಲೆ.

ಥರ್ಮೋಸ್ಟಾಟಿಕ್ ಮಿಕ್ಸರ್ ಒಳಗೆ ಕಾರ್ಟ್ರಿಜ್ ಇರುತ್ತದೆ. ಅದರಲ್ಲಿರುವ ಮೇಣ ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಬಿಸಿ-ತಣ್ಣೀರಿನ ಪಾಲನ್ನು ತಾನೇ ಸರಿಹೊಂದಿಸುತ್ತದೆ. ಬಿಳಿ ಪದರ ಕಟ್ಟಿದರೆ ಅಥವಾ ಹಳತಾದರೆ ಈ ಚಲನೆ ನಿಧಾನವಾಗುತ್ತದೆ. ಆಗ ನೀರು ಬಿಸಿಯಾಗಿ, ತಡವಾಗಿ ತಣಿದು, ಮತ್ತೆ ತಡವಾಗಿ ಬಿಸಿಯಾಗುತ್ತದೆ. ಹಿಡಿಯನ್ನು ಎಷ್ಟು ತಿರುಗಿಸಿದರೂ ಪೂರ್ತಿ ಬಿಸಿ ಬಾರದಿರುವುದೂ ಇದರದೇ ಲಕ್ಷಣ. ಕಾರ್ಟ್ರಿಜ್ ಬದಲಿಸುವುದು ಪ್ಲಂಬಿಂಗ್ ಕೈಹಿಡಿತ ಇರುವವರಿಗೆ ಮನೆಯಲ್ಲೇ ಆಗುವ ಕೆಲಸ. ಬಿಸಿ, ತಣ್ಣೀರು ಎರಡರ ವಾಲ್ವೂ ಮುಚ್ಚಿ, ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ಬಿಚ್ಚಿ. ಡ್ರೈನ್ ಬಾಯಿಗೆ ಒಂದು ಬಟ್ಟೆ ತುರುಕಿ, ಸ್ಕ್ರೂ ಬಿದ್ದರೆ ಆಮೇಲೆ ಸಿಗುವುದಿಲ್ಲ. ಹಳೆಯ ಕಾರ್ಟ್ರಿಜ್ ಹೊರಬಂದಾಗ ಅದರ ಬಲೆಯಲ್ಲಿ ಮರಳು, ಕಸ ಸಿಕ್ಕಿದೆಯೇ ನೋಡಿ. ಎಷ್ಟೋ ಸಲ ತೊಳೆದು ಹಾಕಿದರೇ ಸಾಕಾಗುತ್ತದೆ.

ಇಲ್ಲೊಂದು ಹಗ್ಗಜಗ್ಗಾಟವಿದೆ. ಥರ್ಮೋಸ್ಟಾಟಿಕ್ ಮಿಕ್ಸರ್ ಸರಿಯಾಗಿ ಕೆಲಸ ಮಾಡಲು ಬರುವ ಬಿಸಿ ನೀರು ನಿಮಗೆ ಬೇಕಾದ ಹದಕ್ಕಿಂತ ಸಾಮಾನ್ಯವಾಗಿ 10 ಡಿಗ್ರಿಯಷ್ಟು ಹೆಚ್ಚಿರಬೇಕು. ಬಾಯ್ಲರನ್ನು 42ಕ್ಕೆ ಇಳಿಸಿ 40ರ ಸ್ನಾನ ಬಯಸಿದರೆ ಮಿಕ್ಸರಿಗೆ ಆಡಲು ಜಾಗವೇ ಇರುವುದಿಲ್ಲ. ಹಾಗಾಗಿ ಇಂಥ ಮಿಕ್ಸರ್ ಇರುವ ಮನೆಯಲ್ಲಿ ನಾನು 50ರ ಹತ್ತಿರ ಇಡಿ ಎನ್ನುತ್ತೇನೆ. ಕೈಯಿಂದ ಹೊಂದಿಸುವ ಸಾದಾ ಮಿಕ್ಸರ್ ಆದರೆ 45 ಸಾಕು. ನಿಜ ಹೇಳಬೇಕೆಂದರೆ ಹಳೆಯ ಕಾಂಬಿಯ ಜೊತೆ ಸಾದಾ ಮಿಕ್ಸರೇ ಚೆನ್ನಾಗಿ ಹೊಂದುತ್ತದೆ. ಎರಡು ಯಂತ್ರಗಳು ಒಂದೇ ನೀರಿನ ಹದವನ್ನು ತಾವೇ ಸರಿಮಾಡಲು ಹೊರಟಾಗ ಒಂದರ ತಿದ್ದುಪಡಿ ಇನ್ನೊಂದಕ್ಕೆ ತೊಂದರೆಯಾಗಿ ಕಾಣುತ್ತದೆ.

ಮಿಕ್ಸರಿನ ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಅದು ತಣ್ಣೀರು ಬಿಸಿ ಪೈಪಿಗೆ ನುಸುಳುವುದು. ನೀರು ಹಿಂದೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಸೋತರೆ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ಹೋಗುತ್ತದೆ. ಒಂದು ಸ್ನಾನದ ಮನೆಯ ಮಿಕ್ಸರ್ ಕೆಟ್ಟರೆ ಇನ್ನೊಂದು ಸ್ನಾನದ ಮನೆಯ ಶವರ್ ತಣ್ಣಗಾಗುವುದೂ ಉಂಟು. ಪತ್ತೆ ಹೀಗೆ:

1. ಬಾಯ್ಲರ್ ಸ್ವಿಚ್ ಆರಿಸಿ, ಅದರ ಕೆಳಗೆ ತಣ್ಣೀರು ಒಳಬರುವ ಪೈಪಿನ ವಾಲ್ವ್ ಮುಚ್ಚಿ. ಮನೆಯ ಮುಖ್ಯ ವಾಲ್ವ್ ತೆರೆದೇ ಇರಲಿ.
2. ಒಂದು ಸಿಂಕಿನಲ್ಲಿ ಬಿಸಿ ನಲ್ಲಿ ಮಾತ್ರ ತೆರೆಯಿರಿ. ಪೈಪಿನಲ್ಲಿ ಉಳಿದದ್ದು ಸುರಿದು, ಸ್ವಲ್ಪ ಹೊತ್ತಿಗೆ ನಿಲ್ಲಬೇಕು.
3. ಒಂದು ನಿಮಿಷ ಕಳೆದರೂ ಧಾರೆ ನಿಲ್ಲದಿದ್ದರೆ ಎಲ್ಲೋ ತಣ್ಣೀರು ಬಿಸಿ ಪೈಪಿಗೆ ಸೇರುತ್ತಿದೆ. ಪ್ರತಿ ಮಿಕ್ಸರಿನ ತಣ್ಣೀರು ವಾಲ್ವನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಧಾರೆ ನಿಂತಿತೋ ಅದೇ ಕಳ್ಳ.

ಇದಕ್ಕೂ ಮೊದಲು ಒಂದು ಅಭ್ಯಾಸ ನೋಡಿಕೊಳ್ಳಿ. ಕೈಶವರ್‌ನ ಗುಂಡಿ ಒತ್ತಿ ನೀರು ನಿಲ್ಲಿಸಿ, ಗೋಡೆಯ ಮಿಕ್ಸರನ್ನು ತೆರೆದೇ ಬಿಡುವವರಿದ್ದಾರೆ. ಆಗ ಬಿಸಿ ಮತ್ತು ತಣ್ಣೀರಿನ ಪೈಪುಗಳು ಮಿಕ್ಸರಿನೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮಿಕ್ಸರ್ ಮುಚ್ಚಿದರೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಟಾಯ್ಲೆಟ್ ಫ್ಲಶ್ ಮಾಡಿದಾಗ, ವಾಷಿಂಗ್ ಮಷಿನ್ ನೀರು ಎಳೆದಾಗ ಮಾತ್ರ ಶವರ್ ಕೈಕೊಡುತ್ತದೆಯೇ? ಅದು ಪೈಪಿನ ಒತ್ತಡ ಹಂಚಿಹೋಗುವ ತೊಂದರೆ. ತಣ್ಣೀರಿನ ಒತ್ತಡ ಬಿದ್ದರೆ ನೀರು ಬಿಸಿಯಾಗುತ್ತದೆ. ಬಿಸಿ ಕಡೆ ಬಿದ್ದರೆ ತಣ್ಣಗಾಗುತ್ತದೆ. ಒತ್ತಡ ಸರಿದೂಗಿಸುವ ಮಿಕ್ಸರ್ ಇದಕ್ಕೆ ಸರಿಯಾದ ಪರಿಹಾರ. ಮೊದಲು ಮುಖ್ಯ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ರಿಪೇರಿಗೆ ಬಂದವರು ಅರ್ಧ ತೆರೆದು ಹೋಗಿರುತ್ತಾರೆ.

## ಹೆಜ್ಜೆ 5: ಬಾಯ್ಲರ್ ಹತ್ತಿರ, ಮುಚ್ಚಳ ತೆಗೆಯದೆ

ಈಗ ಒಬ್ಬರು ಸಿಂಕಿನಲ್ಲಿ ಬಿಸಿ ನೀರು ಬಿಡಲಿ, ಇನ್ನೊಬ್ಬರು ಬಾಯ್ಲರ್ ಮುಂದೆ ನಿಲ್ಲಲಿ. ನೋಡಬೇಕಾದ್ದು ಪ್ರೆಶರ್ ಗೇಜ್, ಡಿಸ್‌ಪ್ಲೇಯ ಅಂಕಿ, ಬರ್ನರ್ ಹೊತ್ತಿರುವ ಗುರುತು. ಕೇಳಬೇಕಾದ್ದು ಶಬ್ದ.

ರೂಮ್ ಹೀಟಿಂಗ್ ಕೂಡ ಇರುವ ಬಾಯ್ಲರ್‌ನಲ್ಲಿ ತಣ್ಣಗಿದ್ದಾಗ ಗೇಜ್ ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ಅರ್ಧ ಬಾರ್ ಹತ್ತಿರ ಬಿದ್ದರೆ ಕೆಲವು ಬಾಯ್ಲರ್ ಕೆಲಸ ನಿಲ್ಲಿಸುತ್ತವೆ. ಮ್ಯಾನುಯಲ್ ಹೇಳಿದಂತೆ ಫಿಲ್ಲಿಂಗ್ ವಾಲ್ವ್ ತೆರೆದು ತುಂಬಿಸಬಹುದು. ಆದರೆ ಪದೇ ಪದೇ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ, ಅಥವಾ ಬಿಸಿಗೆ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲ್‌ನ ಗಾಳಿ ಹೋಗಿದೆ. ತುಂಬಿಸಿ ಸುಮ್ಮನಾಗಬೇಡಿ.

ತಣ್ಣೀರು ಒಳಬರುವ ಕಡೆ ಒಂದು ಸಣ್ಣ ಜಾಲರಿ ಫಿಲ್ಟರ್ ಇರುತ್ತದೆ. ಹೊರಗಿನಿಂದ ಬಿಚ್ಚುವಂತಿದ್ದರೆ ನೀರು ಬಂದ್ ಮಾಡಿ ತೆಗೆದು ತೊಳೆಯಿರಿ. ಬೀದಿಯಲ್ಲಿ ನೀರಿನ ಪೈಪ್ ಕೆಲಸ ನಡೆದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ಬಂದರೆ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಆಮೇಲೆ ರೀಸೆಟ್ ಒತ್ತಿ. ಒಂದೆರಡು ಸಲ ಒತ್ತಿದರೂ ಮತ್ತೆ ಬಂದರೆ ಒತ್ತುತ್ತಾ ಕೂರಬೇಡಿ. ತುಂಬಾ ಚಳಿಯಿರುವ ಕಡೆ ಬಾಯ್ಲರಿನಿಂದ ಹೊರಗೆ ಹೋಗುವ ಸಣ್ಣ ಪ್ಲಾಸ್ಟಿಕ್ ನೀರಿನ ಕೊಳವೆ ಹೆಪ್ಪುಗಟ್ಟಿ ಬಾಯ್ಲರ್ ನಿಲ್ಲುವುದೂ ಇದೆ. ಒಳಗೆ ಗುಳುಗುಳು ಶಬ್ದ ಬರುತ್ತದೆ. ಆ ಕೊಳವೆಗೆ ಬೆಚ್ಚಗಿನ ನೀರು ಸುರಿದರೆ ಕರಗುತ್ತದೆ. ಕುದಿಯುವ ನೀರು ಬೇಡ.

## ಹೆಜ್ಜೆ 6: ಒಳಗಿನ ದೋಷ ಹೊರಗಿನಿಂದ ಗುರುತಿಸುವುದು

ಬಿಚ್ಚುವುದು ಟೆಕ್ನಿಷಿಯನ್ ಕೆಲಸ. ಆದರೆ ಯಾವ ಭಾಗದ ಮೇಲೆ ಅನುಮಾನ ಎಂದು ನಿಮಗೆ ಮೊದಲೇ ಗೊತ್ತಿದ್ದರೆ ಸುಮ್ನೆ ಒಂದಾದ ಮೇಲೊಂದು ಭಾಗ ಬದಲಿಸುವುದು ತಪ್ಪುತ್ತದೆ.

ಸಿಂಕಿನ ನಲ್ಲಿ ಪೂರ್ತಿ ತೆರೆದಿದೆ, ಧಾರೆ ದಪ್ಪಗಿದೆ. ಆದರೂ ಬರ್ನರ್ ಹೊತ್ತಿ, ಡಿಸ್‌ಪ್ಲೇಯ ಅಂಕಿ ಸರ್ರನೆ 75–80ಕ್ಕೆ ಏರಿ, ಬರ್ನರ್ ಆರುತ್ತದೆ. ನಲ್ಲಿಯಲ್ಲಿ ಮಾತ್ರ ಉಗುರು ಬೆಚ್ಚಗಿನ ನೀರು. ಇದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಂಡ ಗುರುತು. ಬಾಯ್ಲರ್ ಒಳಗೆ ಸುತ್ತುವ ಬಿಸಿ ನೀರು ತನ್ನ ಶಾಖವನ್ನು ತೆಳು ಲೋಹದ ಹಾಳೆಗಳ ಮೂಲಕ ನಲ್ಲಿ ನೀರಿಗೆ ದಾಟಿಸುತ್ತದೆ. ಆ ಹಾಳೆಗಳ ಮೇಲೆ ಗಡಸು ನೀರಿನ ಪದರ ಕೂತರೆ ಶಾಖ ದಾಟುವುದಿಲ್ಲ. ಕೆಟಲ್ ಕುದಿಯುವಂಥ ಸದ್ದೂ ಕೇಳಿಸಬಹುದು. ಇಲ್ಲಿ ಕೆಳ ಮಿತಿಯ ಆಟದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹರಿವು ಕಡಿಮೆಯಿದ್ದಾಗ ಬರ್ನರ್ ಹೊತ್ತಿ-ಆರುವುದು ಸಹಜ. ಹರಿವು ಚೆನ್ನಾಗಿದ್ದೂ ಹಾಗಾದರೆ ಮಾತ್ರ ರೋಗ. ಆಮ್ಲದ ದ್ರಾವಣದಿಂದ ತೊಳೆಯಬಹುದು, ತೀರಾ ಕೆಟ್ಟಿದ್ದರೆ ಬದಲಿಸಬೇಕು. ನೀರು 60 ಡಿಗ್ರಿ ದಾಟಿದರೆ ಪದರ ಕಟ್ಟುವುದು ಬಿರುಸಾಗುತ್ತದೆ. ಕಾಂಬಿಯ ಸೆಟ್ಟಿಂಗನ್ನು 50ರ ಹತ್ತಿರ ಇಡಲು ಇದು ಇನ್ನೊಂದು ಕಾರಣ.

ಹೀಟಿಂಗ್ ಆಫ್ ಇದ್ದರೂ ಶವರ್ ಬಿಟ್ಟಾಗ ರೂಮ್ ಬೆಚ್ಚಗಿಡುವ ರೇಡಿಯೇಟರ್ ಬೆಚ್ಚಗಾಗುತ್ತಿದೆಯೇ? ಡೈವರ್ಟರ್ ವಾಲ್ವ್ ನಡುವೆ ಸಿಕ್ಕಿಕೊಂಡಿದೆ. ಶಾಖವನ್ನು ನಲ್ಲಿಗೋ ರೂಮಿಗೋ ಎಂದು ತಿರುಗಿಸುವುದು ಅದರ ಕೆಲಸ. ಅದು ಅರ್ಧಕ್ಕೆ ನಿಂತರೆ ನಿಮ್ಮ ಸ್ನಾನದ ಶಾಖ ಗೋಡೆ ಬಿಸಿ ಮಾಡಲು ಹೋಗುತ್ತದೆ. ಹೀಟಿಂಗ್ ಆನ್ ಇದ್ದಾಗ ಮಾತ್ರ ನಲ್ಲಿಯಲ್ಲಿ ಬಿಸಿ ನೀರು ಬರುತ್ತದೆ ಎಂದರೂ ಅನುಮಾನ ಇದರ ಮೇಲೆಯೇ.

ಹರಿವು ಸಾಕಷ್ಟಿದ್ದೂ ಬರ್ನರ್ ಕೆಲವೊಮ್ಮೆ ಹೊತ್ತುವುದೇ ಇಲ್ಲ, ನಲ್ಲಿ ಮುಚ್ಚಿ ತೆರೆದರೆ ಹೊತ್ತುತ್ತದೆ ಎಂದರೆ ಫ್ಲೋ ಸೆನ್ಸರಿನ ಚಕ್ರದಲ್ಲಿ ಕಸ ಸಿಕ್ಕಿರಬಹುದು. ಡಿಸ್‌ಪ್ಲೇ ಒಂದು ಅಂಕಿ, ನಿಮ್ಮ ಥರ್ಮಾಮೀಟರ್ ತೀರಾ ಬೇರೆ ಅಂಕಿ ಹೇಳಿದರೆ ತಾಪಮಾನದ ಸೆನ್ಸರ್ ಕಡೆ ನೋಡಿಸಿ. ಅದೊಂದು ಅಗ್ಗದ ಭಾಗ.

ಇನ್ನು ಗ್ಯಾಸ್. ಒಲೆಯ ಬರ್ನರುಗಳೆಲ್ಲ ಉರಿಯುವಾಗ ಶವರ್ ತಣಿಯುತ್ತದೆ ಎಂದರೆ ಬಾಯ್ಲರಿಗೆ ಗ್ಯಾಸ್ ಒತ್ತಡ ಸಾಲುತ್ತಿಲ್ಲ. ಪೈಪ್ ಸಣ್ಣದಿರಬಹುದು, ರೆಗ್ಯುಲೇಟರ್ ಸೋತಿರಬಹುದು. ಬಾಯ್ಲರ್ ಪೂರ್ತಿ ಉರಿಯುವಾಗಲೇ ಒತ್ತಡ ಅಳೆಯಿರಿ ಎಂದು ಕೇಳಿ. ಆರಿರುವಾಗ ಅಳೆದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಎಲ್‌ಪಿಜಿ ಸಿಲಿಂಡರ್‌ನಿಂದ ಉರಿಯುವುದಾದರೆ ಇನ್ನೊಂದು ವಿಷಯ. ದ್ರವ ಗ್ಯಾಸ್ ಆವಿಯಾಗುವಾಗ ಸಿಲಿಂಡರ್ ತಣಿಯುತ್ತದೆ, ತಣಿದಷ್ಟೂ ಒತ್ತಡ ಇಳಿಯುತ್ತದೆ. ಬ್ಯೂಟೇನ್ ಅಂತೂ 0 ಡಿಗ್ರಿ ಹತ್ತಿರ ಆವಿಯಾಗುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಸಿಲಿಂಡರ್ ಮುಗಿಯುತ್ತಾ ಬಂದಾಗ, ಚಳಿಯ ಬೆಳಗಿನಲ್ಲಿ, ಸ್ನಾನದ ಕೊನೆಗೆ ನೀರು ತಣಿದರೆ ಇದನ್ನು ನೆನಪಿಸಿಕೊಳ್ಳಿ. ಆದರೆ ಸಿಲಿಂಡರಿಗೆ ಬಿಸಿ ನೀರು ಸುರಿಯುವ, ಶಾಖ ಕೊಡುವ ಕೆಲಸಕ್ಕೆ ಯಾವತ್ತೂ ಹೋಗಬೇಡಿ.

## ಬಿಸಿ ನೀರಿನ ಸಿಲಿಂಡರ್ ಇರುವ ಮನೆಗೆ

ಇಲ್ಲಿ ಕ್ಷಣಕ್ಕೊಮ್ಮೆ ಏರಿಳಿತ ಬರುವುದು ಕಡಿಮೆ. ಬಂದರೆ ಕಾರಣ ಹೆಚ್ಚಾಗಿ ಮಿಕ್ಸರ್ ಅಥವಾ ಒತ್ತಡದ ವ್ಯತ್ಯಾಸ. ಬಿಸಿ ನೀರು ಅಟ್ಟದ ಟ್ಯಾಂಕಿನ ಎತ್ತರದಿಂದ ಇಳಿದು ಬರುತ್ತದೆ, ತಣ್ಣೀರು ಬೀದಿಯ ಪೈಪಿನ ಒತ್ತಡದಲ್ಲಿ ಬರುತ್ತದೆ ಎಂದುಕೊಳ್ಳಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಶವರಿಗಿಂತ 3 ಮೀಟರ್ ಮೇಲಿದ್ದರೆ 0.3 ಬಾರ್ ಮಾತ್ರ. ಬೀದಿ ಪೈಪಿನ ನೀರು ಅದನ್ನು ಸುಲಭವಾಗಿ ಹಿಂದಕ್ಕೆ ತಳ್ಳುತ್ತದೆ. ಎರಡನ್ನೂ ಒಂದೇ ಟ್ಯಾಂಕಿನಿಂದ ಎಳೆಯುವುದು ಇಲ್ಲವೇ ಪಂಪ್ ಹಾಕುವುದು ದಾರಿ.

ನೀರು ಬೇಗ ಮುಗಿಯುತ್ತದೆ ಎನ್ನುವುದು ಬೇರೆ ದೂರು. 150 ಲೀಟರ್ ಸಿಲಿಂಡರ್ 60 ಡಿಗ್ರಿ ಇದ್ದು ತಣ್ಣೀರು 15 ಇದ್ದರೆ, ಕಾಗದದ ಲೆಕ್ಕದಲ್ಲಿ 40 ಡಿಗ್ರಿಯ 270 ಲೀಟರ್ ಸಿಗಬೇಕು. ಒಳಗೆ ತಣ್ಣೀರು ಬೆರೆಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಇದರ ಅರ್ಧವೂ ಬರುತ್ತಿಲ್ಲವೆಂದರೆ ಥರ್ಮೋಸ್ಟಾಟ್ ಕಾಯಿಸುವುದನ್ನು ಬೇಗ ನಿಲ್ಲಿಸುತ್ತಿರಬಹುದು, ಒಳಗೆ ನೀರು ಕಾಯಿಸುವ ಕಾಯಿಲ್ ಮೇಲೆ ಪದರ ಕಟ್ಟಿರಬಹುದು. ಕೆಲವು ಮಾದರಿಗಳಲ್ಲಿ ತಣ್ಣೀರನ್ನು ತಳಕ್ಕೆ ಕೊಂಡೊಯ್ಯುವ ಡಿಪ್ ಟ್ಯೂಬ್ ಇರುತ್ತದೆ. ಅದು ಮುರಿದರೆ ತಣ್ಣೀರು ಮೇಲ್ಗಡೆಯೇ ಬೆರೆತು ಬೇಗ ತಣಿಯುತ್ತದೆ.

ಕಾಂಬಿಗೆ ಹೇಳಿದ ಸೆಟ್ಟಿಂಗ್ ಇಳಿಸುವ ಮದ್ದು ಇಲ್ಲಿ ಬೇಡವೇ ಬೇಡ. ಲೀಜನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಅದರ ಹನಿಗಳನ್ನು ಉಸಿರಿನಲ್ಲಿ ಎಳೆದುಕೊಂಡರೆ ಗಂಭೀರ ನ್ಯುಮೋನಿಯಾ ಬರಬಹುದು. ಸಿಲಿಂಡರ್ 60ರಲ್ಲೇ ಇರಲಿ. ಸುಡುವ ಭಯಕ್ಕೆ ಹೊರಹೋಗುವ ಪೈಪಿನಲ್ಲಿ ಬೆರೆಸುವ ವಾಲ್ವ್ ಹಾಕಿಸಿ.

## ಟೆಕ್ನಿಷಿಯನ್ ಬಂದಾಗ

ನೀವು ಬರೆದಿಟ್ಟ ಅಂಕಿಗಳನ್ನು ಅವರ ಕೈಗೆ ಕೊಡಿ: ಸಿಂಕಿನ ತಾಪಮಾನಗಳು, ಶವರ್ ಹರಿವು, ತಣ್ಣೀರಿನ ಡಿಗ್ರಿ, ಬಾಯ್ಲರ್ ಸೆಟ್ಟಿಂಗ್, ಎರರ್ ಕೋಡ್, ಮಾಡೆಲ್ ಹೆಸರು. ಏರಿಳಿತದ ಒಂದು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರು ಬಂದ ಹೊತ್ತಿಗೆ ಬಾಯ್ಲರ್ ಸರಿಯಾಗಿ ನಡೆಯುವ ಸಾಧ್ಯತೆಯೇ ಜಾಸ್ತಿ. ನೀರಿನ ಹರಿವು ಅಳೆಯದೆ ಸರ್ಕಿಟ್ ಬೋರ್ಡ್ ಬದಲಿಸೋಣ ಎನ್ನುವವರಿಗೆ ಯಾವ ಪರೀಕ್ಷೆಯಿಂದ ಹಾಗೆ ಅನ್ನಿಸಿತು ಎಂದು ಕೇಳಿ. ಬೋರ್ಡ್ ಕೆಡುವುದಿಲ್ಲ ಎಂದಲ್ಲ. ಆದರೆ ಏರಿಳಿತಕ್ಕೆ ಅದು ಮೊದಲ ಅನುಮಾನವಾಗಬಾರದು.

ರಿಪೇರಿ ಮುಗಿದ ಮೇಲೆ ಅವರು ಹೊರಡುವ ಮುಂಚೆ ಸಿಂಕಿನ 5 ನಿಮಿಷದ ಪರೀಕ್ಷೆಯನ್ನು ಮತ್ತೆ ಮಾಡಿ. ಆಮೇಲೆ ಶವರನ್ನು ನಿಮ್ಮ ಎಂದಿನ ಹದಕ್ಕೆ ಬಿಟ್ಟು ಇನ್ನೊಂದು 5 ನಿಮಿಷ ನೋಡಿ. ಎರಡೂ ಕಡೆ ಅಂಕಿ ನಿಂತರೆ ಹಣ ಕೊಡಿ. ಸಿಂಕಿನಲ್ಲಿ ನಿಂತು ಶವರ್‌ನಲ್ಲಿ ನಿಲ್ಲದಿದ್ದರೆ ಕೆಟ್ಟದ್ದು ಎರಡಿತ್ತು ಎಂದರ್ಥ. ಹೆಜ್ಜೆ 3ರಿಂದ ಮತ್ತೆ ಶುರು ಮಾಡಿ.